ಸೊನ್ನೆ ನಂಬರಿನ ಮನೆ

ಆ ಓಣಿಯಲ್ಲಿ ಇರುವುದು ನಲವತ್ತೊಂದು ಮನೆ. ಯಾರು ಎಣಿಸಿದರೂ ಅಷ್ಟೇ. ಸೂಜಿಯಕ್ಕನ ಮಿಷನ್ನಿನಲ್ಲಿ ಮಾತ್ರ ನಲವತ್ತೆರಡು. ಹೆಚ್ಚಿಗೆ ಬಂದ ಆ ಒಂದು ಮನೆಗೆ ಗೋಡೆಯಿಲ್ಲ, ಬಾಗಿಲಿಲ್ಲ, ಹೊಸ್ತಿಲಿಲ್ಲ. ಅದರ ನಂಬರು ಸೊನ್ನೆ. ಅಲ್ಲಿರುವವಳು ಒಬ್ಬಳೇ ಹೆಂಗಸು. ದಿನಾ ಬೆಳಗ್ಗೆ ಆರೂಕಾಲಿಗೆ ಅವಳ ಬೆರಳಿಂದ ಒಂದು ಹನಿ ರಕ್ತ ಬೀಳುತ್ತದೆ, ದಿನಾ ಒಂದೇ ಅಂಕಿ ಬರುತ್ತದೆ: ಪಾಯಿಂಟ್ ಎಂಟು. ಹದಿನಾರು ತಿಂಗಳು ಆ ಅಂಕಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಬದುಕಿರುವವರ ರಕ್ತ ಹಾಗಿರುವುದಿಲ್ಲ ಅನ್ನುವುದು ಯಾರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸೂಜಿಯಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ವಯಸ್ಸು ಐವತ್ತೆರಡು. ಜೋರು ಗಾಳಿ ಬಂದರೆ ಹಾರಿಹೋಗುವ ಹಾಗಿನ ಮೈ, ಹೆಗಲಿಗೊಂದು ಬಟ್ಟೆಯ ಚೀಲ, ಚೀಲದೊಳಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಮಿಷನ್ನು. ಅವಳ ಕೈ ಎಷ್ಟು ಹಗುರ ಅಂದರೆ, ಮಗಳ ಪರೀಕ್ಷೆ ಹೇಗಾಯಿತು ಅಂತ ಕೇಳಿ, ಎದುರಿನವರು ಬಾಯಿ ತೆಗೆಯುವಷ್ಟರಲ್ಲಿ ಚುಚ್ಚಿ, ಹನಿ ಹಿಡಿದು, ಹತ್ತಿ ಒತ್ತಿರುತ್ತಾಳೆ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ ಕೂಡ, ಯಾಕೆಂದರೆ ಮಿಷನ್ನು ಅಂಕಿ ತೋರಿಸಲು ಮೂವತ್ತು ಸೆಕೆಂಡು ಬೇಕು.

ಓಣಿಯ ಕೊನೆಗೆ ಹಬೆ ಲಾಂಡ್ರಿ. ಊರಿನ ಆಸ್ಪತ್ರೆಗಳ, ಹೋಟೆಲುಗಳ ಹಾಸುಬಟ್ಟೆಗಳೆಲ್ಲ ಅಲ್ಲಿಗೆ ಕೊಳೆಯಾಗಿ ಬಂದು ಬೆಳ್ಳಗಾಗಿ ಹೋಗುತ್ತವೆ. ನಲವತ್ತೊಂದು ಮನೆಯ ಒಲೆ ಉರಿಯುವುದೂ ಅದರಿಂದಲೇ. ಒಳಗಿನ ಕಾವಿಗೆ ಬೆಳಗ್ಗೆ ಕುಡಿದ ನೀರು ಹತ್ತು ಗಂಟೆಯೊಳಗೆ ಬೆವರಾಗಿ ಇಳಿದುಹೋಗಿರುತ್ತದೆ. ಮತ್ತೆ ಕುಡಿಯೋಣವೆಂದರೆ ಅಷ್ಟೂ ಹೆಂಗಸರಿಗೆ ಎರಡೇ ಕಕ್ಕಸು. ಎದ್ದು ಹೋದರೆ ಮೇಸ್ತ್ರಿಯ ಕಣ್ಣು ಗಡಿಯಾರದ ಮೇಲೆ. ಹಾಗಾಗಿ ಯಾರೂ ಕುಡಿಯುವುದಿಲ್ಲ. ಮೈ ಒಣಗಿದ ಹಾಗೆ ಒಳಗೆ ಕಿಡ್ನಿಯೂ ಒಣಗುತ್ತದೆ. ಹಲ್ಲು ನೋವಾದರೆ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುತ್ತದೆ. ಈ ಕಿಡ್ನಿ ಮಾತ್ರ ಶುದ್ಧ ಗುಮ್ಮನಗುಸುಕ, ಮುಕ್ಕಾಲು ಪಾಲು ಸತ್ತಮೇಲೂ ಬಾಯಿ ಬಿಡುವುದಿಲ್ಲ.

ಅದರ ಗುಟ್ಟು ಹೊರಬೀಳುವುದು ರಕ್ತದಲ್ಲಿ. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸವೊಂದು ಅಲ್ಲೇ ಉಳಿಯತೊಡಗುತ್ತದೆ. ಅದಕ್ಕೆ ಕ್ರಿಯಾಟಿನಿನ್ ಅಂತ ಹೆಸರು. ಆ ಅಂಕಿ ಒಂದರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, ಒಂದು ಪಾಯಿಂಟ್ ಎರಡನ್ನು, ಓಣಿಯವರ ಬಾಯಲ್ಲಿ ಒಂದೂ ಎರಡನ್ನು, ದಾಟಿದರೆ ಡಾಕ್ಟರ ಹತ್ತಿರ ಓಡಬೇಕು. ಬೇಗ ಗೊತ್ತಾದರೆ ಮಾತ್ರೆ, ನೀರು, ಪಥ್ಯ ಅಂತ ಹಿಡಿದು ನಿಲ್ಲಿಸಬಹುದು. ಅದಕ್ಕಾಗಿಯೇ ಆರೋಗ್ಯ ಕೇಂದ್ರದವರು ಸೂಜಿಯಕ್ಕನ ಕೈಗೆ ಆ ಪುಟ್ಟ ಮಿಷನ್ನು ಕೊಟ್ಟು, ತಿಂಗಳಿಗೊಮ್ಮೆ ಓಣಿಯವರೆಲ್ಲರ ರಕ್ತ ನೋಡಲು ಹೇಳಿದ್ದರು.

ತಡವಾದರೆ ಏನಾಗುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಅಮ್ಮ ಅದೇ ಲಾಂಡ್ರಿಯಲ್ಲಿ ಮೂವತ್ತು ವರ್ಷ ಬಟ್ಟೆ ಹಿಂಡಿದವಳು. ಆಗ ಸೂಜಿಯಕ್ಕ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ದಿನಕ್ಕೆ ಇನ್ನೂರು ಜನರ ರಕ್ತ ಅವಳ ಕೈಯಲ್ಲಿ ಹಾದುಹೋಗುತ್ತಿತ್ತು, ಅಮ್ಮನದು ಒಂದು ದಿನವೂ ಹಾಯಲಿಲ್ಲ. ಅಮ್ಮನ ಕಾಲು ಊದಿದಾಗ, ನಿಂತು ಮಾಡುವ ಕೆಲಸ ಅಲ್ಲವಾ ಅಂದಿದ್ದಳು. ಒಂದು ದಿನ ಲ್ಯಾಬಿನ ಬಾಗಿಲಿಗೇ ಬಂದ ಅಮ್ಮ, ಬಾಯಲ್ಲಿ ಬೀಗದ ಕೈ ಇಟ್ಟುಕೊಂಡ ಹಾಗಿದೆ ಮಗಳೇ ಅಂದಾಗ ಕೈ ಬಿಡುವಿಲ್ಲ, ಸಂಜೆ ನೋಡೋಣ ಅಂದು ಕಳಿಸಿದ್ದಳು. ಕೊನೆಗೊಮ್ಮೆ ಅಮ್ಮನ ರಕ್ತ ಲ್ಯಾಬಿಗೆ ಬಂದಾಗ ಅಂಕಿ ಒಂಬತ್ತಿತ್ತು. ಆಮೇಲೆ ಅಮ್ಮ ಇದ್ದದ್ದು ಹನ್ನೊಂದೇ ದಿನ. ದೀಪದ ಬುಡ ಕತ್ತಲು ಅಂತ ನೋಡಲು ಬಂದವರು ಅಂದರು, ಆ ಮಾತು ಅವಳೆದೆಯಲ್ಲಿ ಮುಳ್ಳಾಗಿ ಕೂತಿತು. ಬೀಗದ ಕೈಯ ಮಾತನ್ನು ನಾಚಿಕೆಯಿಂದ ಅವಳು ಯಾರಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ.

ತಂಗಿ ಹತ್ತು ವರ್ಷ ಚಿಕ್ಕವಳು, ಲಾಂಡ್ರಿಯ ಇಸ್ತ್ರಿ ಮೇಜಿನವಳು. ಅಕ್ಕತಂಗಿ ಇಬ್ಬರೇ ಹದಿನೇಳನೇ ನಂಬರಿನ ಮನೆಯಲ್ಲಿ ಇರುತ್ತಾರೆ. ಇಬ್ಬರಿಗೂ ಕಂಕಣಬಲ ಕೂಡಿಬರಲಿಲ್ಲ. ಬಂದಿದ್ದರೂ ಅಕ್ಕ ಮೊದಲು ಗಂಡಿನ ಬೆರಳು ಚುಚ್ಚಿ ನೋಡುತ್ತಿದ್ದಳು ಅಂತ ತಂಗಿಯ ತಮಾಷೆ. ಅದೇ ತಾಯಿಯ ಹೊಟ್ಟೆ, ಅದೇ ಲಾಂಡ್ರಿಯ ಕಾವು. ಈ ಒಬ್ಬಳು ಅಮ್ಮನ ಹಾಗೆ ಹೋಗಬಾರದು ಅನ್ನುವುದು ಬಿಟ್ಟು ಸೂಜಿಯಕ್ಕನಿಗೆ ಬದುಕಿನಲ್ಲಿ ಬೇರೆ ಬೇಡಿಕೆಯೇ ಉಳಿದಿರಲಿಲ್ಲ. ಓಣಿಗೆಲ್ಲ ತಿಂಗಳಿಗೊಮ್ಮೆಯಾದರೆ ತಂಗಿಗೆ ಪ್ರತಿ ರಜೆಯ ದಿನವೂ ಚುಚ್ಚುತ್ತಿದ್ದಳು. ಅಂಕಿ ನೋಡಿ ಪ್ರತಿ ಸಲ ಒಂದೇ ಮಾತು: "ನಿಂದೂ ನಂದೂ ಒಂದೇ. ಏಳು, ಕೆಲಸ ನೋಡು." ತಂಗಿ ಬೆರಳು ಚೀಪುತ್ತಾ ಎದ್ದು ಹೋಗುವಾಗ ಅಕ್ಕನ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಗುತ್ತಿತ್ತು.

ಇನ್ನು ಆ ಸೊನ್ನೆ ಮನೆ. ಹಳೆಯ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಬೆಳಗ್ಗೆ ದೊಡ್ಡ ಮಿಷನ್ನನ್ನು ಶುರು ಮಾಡುವ ಮುಂಚೆ ಅಲ್ಲಿನ ಆರು ಜನ ಕೆಲಸದವರು ತಮ್ಮದೇ ರಕ್ತ ಸ್ವಲ್ಪ ಸ್ವಲ್ಪ ತೆಗೆದು ಒಂದೇ ಸೀಸೆಗೆ ಬೆರೆಸಿ ಹಾಕುತ್ತಿದ್ದರು. ನಿನ್ನೆಯ ಅಂಕಿಯೇ ಇವತ್ತೂ ಬಂದರೆ ಮಿಷನ್ನು ನೆಟ್ಟಗಿದೆ, ಬೇರೆ ಬಂದರೆ ಮಿಷನ್ನು ಜಾರಿದೆ ಅಂತ ಲೆಕ್ಕ. ಕೆಲಸ ಕಲಿಸಿದ ಹಿರಿಯರು, ಕಂಪನಿಯ ಸೀಸೆಯನ್ನಾದರೂ ಅನುಮಾನಿಸು, ನಮ್ಮ ರಕ್ತವನ್ನು ಅನುಮಾನಿಸಬೇಡ ಅನ್ನುತ್ತಿದ್ದರು. ಆ ಲ್ಯಾಬು ಮುಚ್ಚಿತು, ಹಿರಿಯರು ತೀರಿಕೊಂಡರು, ಉಳಿದವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಸೂಜಿಯಕ್ಕ ಸೋಪಿನ ಡಬ್ಬಿಯಂಥ ಮಿಷನ್ನು ಹಿಡಿದು ಓಣಿಗೆ ಬರುವಾಗ ಪದ್ಧತಿಯನ್ನೂ ಜೊತೆಗೆ ತಂದಳು. ಜೊತೆಯವರು ಐದು ಜನ ಬರಲಿಲ್ಲ, ಅಷ್ಟೇ.

ಸೊನ್ನೆ ಮನೆಯ ಹೆಂಗಸು ಬೇರೆ ಯಾರೂ ಅಲ್ಲ, ಅವಳೇ. ಮನೆ ನಂಬರು ಹಾಕದೆ ಮಿಷನ್ನು ಮುಂದಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ ತನ್ನ ಬೆಳಗಿನ ಪರೀಕ್ಷೆಗೆ ಸೊನ್ನೆ ಅಂತ ಒತ್ತುತ್ತಿದ್ದಳು. ಮಿಷನ್ನು ಸರಿಯಿದೆಯೇ ಅಂತ ನೋಡಲು ಮೇಲಿನ ಕಚೇರಿಯಿಂದ ಪುಟ್ಟ ಸೀಸೆಗಳೂ ಬರುತ್ತಿದ್ದವು. ಸೀಸೆಯ ಮೇಲೆ ಅಂಕಿ ಅಚ್ಚಾಗಿರುತ್ತದೆ, ಒಳಗಿನ ದ್ರವಕ್ಕೆ ಮಿಷನ್ನು ಅದೇ ಅಂಕಿ ತೋರಿಸಬೇಕು. ಅವು ಬರುವುದು ಯಾವಾಗಲೂ ತಡ. ಬಂದಮೇಲೆ ತಣ್ಣಗಿಡಬೇಕು, ಮುಚ್ಚಳ ತೆಗೆದ ತಿಂಗಳೊಳಗೆ ಎಸೆಯಬೇಕು. ಬಾಟ್ಲಿಯ ನೀರಿಗಿಂತ ಮೈಯ ರಕ್ತ ಮೇಲು ಅಂತ ಅವಳು ಅವನ್ನು ಕಪಾಟಿನಲ್ಲೇ ಬಿಟ್ಟಿದ್ದಳು.

ಹದಿನಾರು ತಿಂಗಳ ಹಿಂದೆ ಒಂದು ಬೆಳಗ್ಗೆ ಸೊನ್ನೆ ಮನೆ ಪಾಯಿಂಟ್ ಒಂಬತ್ತು ತೋರಿಸಿತು. ಮಾರನೇ ದಿನವೂ ಅದೇ. ಮಿಷನ್ನು ಜಾರಿದೆ ಅಂದುಕೊಂಡಳು. ಮಿಷನ್ನಿನ ಒಳಪುಟದಲ್ಲಿ ಅಂಕಿಯನ್ನು ತಿದ್ದುವ ಜಾಗವಿದೆ. ಕಳೆಯುವ ಗುಂಡಿಯನ್ನು ಒಂದು ಸಲ ಒತ್ತಿದಳು, ಪಾಯಿಂಟ್ ಎಂಟು ಬಂತು, ನೆಮ್ಮದಿಯಾಯಿತು. ಎರಡು ತಿಂಗಳಿಗೆ ಮತ್ತೆ ಜಾರಿತು, ಮತ್ತೆ ಒತ್ತಿದಳು. ನಡುವೆ ಒಂದೊಂದು ದಿನ ಅಂಕಿ ಹೆಚ್ಚುಕಡಿಮೆಯಾದರೆ ಅದನ್ನು ಅಳಿಸಿ, ಪಾಯಿಂಟ್ ಎಂಟು ಬರುವ ತನಕ ಚುಚ್ಚಿಕೊಂಡಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಅನ್ನಲೂ ಇಲ್ಲ, ಎಂಟು ಸಲ ಸದ್ದಿಲ್ಲದೆ ನೆಲವನ್ನೇ ತಿದ್ದಿದಳು. ಜಾರುತ್ತಿರುವುದು ಮಿಷನ್ನೋ ನಿನ್ನ ರಕ್ತವೋ ಅಂತ ಕೇಳಲು ಪಕ್ಕದಲ್ಲಿ ಆ ಐದು ಜನ ಇರಲಿಲ್ಲ.

ಅದೇ ಮಿಷನ್ನು ಅದೇ ತಿದ್ದುಪಡಿಯ ಸಮೇತ ಮನೆಮನೆಗೆ ಹೋಯಿತು. ಓಣಿಯ ಆರೋಗ್ಯ ನೋಡನೋಡುತ್ತಾ ಸುಧಾರಿಸಿತು. ಒಂದೂ ಮೂರು ಇದ್ದವರು ಒಂದೂ ಒಂದಕ್ಕೆ ಇಳಿದರು. ಒಂದು ವರ್ಷ ಒಬ್ಬರನ್ನೂ ಡಾಕ್ಟರ ಹತ್ತಿರ ಕಳಿಸಬೇಕಾಗಲಿಲ್ಲ. ಮೇಲಿನ ಕಚೇರಿಯವರು ಮೆಚ್ಚಿ ಗಾಜು ಹಾಕಿದ ಪ್ರಶಸ್ತಿಪತ್ರ ಕೊಟ್ಟರು, ಮೇಸ್ತ್ರಿ ಅದನ್ನು ಲಾಂಡ್ರಿಯ ಗೋಡೆಗೆ ಹೊಡೆಸಿದ. ಹಬೆಗೆ ಗಾಜಿನ ಒಳಗೆಲ್ಲ ನೀರು ಕಟ್ಟಿ ಅಕ್ಷರ ಕಾಣುತ್ತಿರಲಿಲ್ಲ.

ಲಾಂಡ್ರಿಯಲ್ಲಿ ಪರೀಕ್ಷೆ ಮಾಡುವ ದಿನ ಅವಳು ಹಿಂಡುವ ಮಿಷನ್ನುಗಳ ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಹಬೆಯಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಬಿಳಿ ಹಬೆಯೊಳಗಿಂದ ಒಂದು ಕೈ ಬರುತ್ತದೆ, ಬೆರಳು ಚಾಚುತ್ತದೆ, ಹನಿ ಕೊಟ್ಟು ಹಿಂದಕ್ಕೆ ಹೋಗುತ್ತದೆ. ಮುಂಚೆ ಆ ಕೈಗಳ ಜೊತೆ ನಗೆಯೂ ಹರಟೆಯೂ ಬರುತ್ತಿದ್ದವು. ಇತ್ತೀಚೆಗೆ ಕೈಗಳಷ್ಟೇ ಬರುತ್ತಿದ್ದವು. ಬೆರಳುಗಳು ಮುಂಚಿಗಿಂತ ದಪ್ಪ, ಹಿಂಡಿದರೆ ಬರುವ ಹನಿ ಮುಂಚಿಗಿಂತ ತೆಳು ಅಂತ ಅವಳ ಕೈಗೆ ಅನಿಸುತ್ತಿತ್ತು. ಅಂಕಿ ಮಾತ್ರ ಚೆನ್ನಾಗಿರುತ್ತಿತ್ತು.

ಲಾಂಡ್ರಿಯ ಗೇಟಿನ ಪಕ್ಕ ಚಪ್ಪಲಿ ಹೊಲಿಯುವ ಅಜ್ಜ ಕೂರುತ್ತಾನೆ. ಒಂದು ಮಧ್ಯಾಹ್ನ ಅವನೇ ಕರೆದು ತನ್ನ ಮುಂದಿದ್ದ ಚಪ್ಪಲಿಗಳ ರಾಶಿ ತೋರಿಸಿದ. ಎಲ್ಲವೂ ಹೆಂಗಸರವು, ಎಲ್ಲದರ ಪಟ್ಟಿಯನ್ನೂ ಕತ್ತರಿಸಿ ಇಟ್ಟಿದ್ದ.

"ಒಂದು ವರ್ಷದಿಂದ ಈ ಗೇಟಲ್ಲಿ ನಾನು ಒಂದು ಪಟ್ಟಿನೂ ಬಿಗಿ ಮಾಡಿಲ್ಲ ಅಕ್ಕ," ಅಂದ. "ಬರೀ ಸಡಿಲ ಮಾಡೋದೇ ಆಯ್ತು. ಈ ಓಣಿಯ ಕಾಲುಗಳು ಬೆಳೀತಿವೆ."

ನಿಂತು ಮಾಡುವ ಕೆಲಸ ಅಲ್ಲವಾ ಅಂತ ಸೂಜಿಯಕ್ಕ ನಕ್ಕಳು. ನಾಲ್ಕು ಹೆಜ್ಜೆ ಹೋದಮೇಲೆ ಆ ಮಾತು ಹಿಂದೆ ಯಾರಿಗೆ ಅಂದಿದ್ದೆ ಅಂತ ನೆನಪಾಯಿತು. ತಿರುಗಿ ನೋಡಿದಳು. ರಾಶಿಯಲ್ಲಿ ತಂಗಿಯ ನೀಲಿ ಚಪ್ಪಲಿಯೂ ಇತ್ತು. ಆ ಸಂಜೆ ರಜೆಯ ದಿನಕ್ಕೆ ಕಾಯದೆ ತಂಗಿಯ ಬೆರಳು ಚುಚ್ಚಿದಳು. ಪಾಯಿಂಟ್ ಒಂಬತ್ತು. ನಿಂದೂ ನಂದೂ ಒಂದೇ ಅಂದಳು, ಆದರೆ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗೆ ಆಗಲಿಲ್ಲ.

ಇದಾದ ಮೇಲೆ ಗಂಜಿಯಮ್ಮನ ರಕ್ತ ನೋಡುವ ದಿನ ಬಂತು. ಹಾಸುಬಟ್ಟೆಗಳಿಗೆ ಗಂಜಿ ಹಾಕುವ ತೊಟ್ಟಿಯ ಹತ್ತಿರ ಇಪ್ಪತ್ತು ವರ್ಷ ಕೂತವಳಾದ್ದರಿಂದ ಆ ಹೆಸರು. ಬಾಯಿ ಜೋರು, ಮನಸ್ಸು ಬೆಣ್ಣೆ. ಅವತ್ತು ಬೆಳಗ್ಗೆಯೇ ಸೊನ್ನೆ ಮನೆ ಎಂಟನೇ ಸಲ ಜಾರಿ, ಸೂಜಿಯಕ್ಕ ಎಂಟನೇ ಸಲ ಗುಂಡಿ ಒತ್ತಿ ಬಂದಿದ್ದಳು. ಗಂಜಿಯಮ್ಮನಿಗೆ ಒಂದೂ ಒಂದು ಬಂತು. ಹಳೇ ಅಭ್ಯಾಸದಂತೆ ಅವಳ ಕಣಕಾಲನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. ಕಾಲಿನಲ್ಲಿ ಗುಂಡಿ ಬಿತ್ತು. ಅಂಕಿ ಬರೆದಳು, ಹನಿ ಹಿಡಿದ ಸ್ಟ್ರಿಪ್ಪು ಎಸೆದಳು, ಚೀಲ ಕಟ್ಟಿದಳು. ಗುಂಡಿ ಹಾಗೇ ಇತ್ತು, ಕಾಲಿನೊಳಗೆ ನೀರು ನಿಂತವರಿಗೆ ಹಾಗಾಗುತ್ತದೆ. ಕಣ್ಣಿಗೂ ಅಂಕಿಗೂ ಜಗಳ ಬಿದ್ದಾಗ ಅವಳು ಅಂಕಿಯ ಪಕ್ಷ ವಹಿಸಿದಳು. ನಿಮ್ಮ ಕಿಡ್ನಿ ನಿಮ್ಮ ಬಾಯಿಯಷ್ಟೇ ಗಟ್ಟಿ ಅಂತ ತಮಾಷೆ ಮಾಡಿ ಎದ್ದಳು.

ಐದನೇ ದಿನ ಗಂಜಿಯಮ್ಮ ತೊಟ್ಟಿಯ ಪಕ್ಕದಲ್ಲೇ ಕುಸಿದಳು. ನೀರು ತರುವಷ್ಟರಲ್ಲಿ ಜೀವ ಹೋಗಿತ್ತು. ಹೃದಯ ನಿಂತಿದೆ ಅಂತ ಡಾಕ್ಟರು ಬರೆದುಕೊಟ್ಟರು. ಸೂಜಿಯಕ್ಕ ಹೋಗಿ ಕಾಲಿನ ಹತ್ತಿರ ಕೂತು ಬಂದಳು. ಮೂರು ರಾತ್ರಿ ಅವಳ ಹೆಬ್ಬೆರಳಿಗೆ ಆ ಮೆತ್ತಗಿನ ಗುಂಡಿ ತಾಗಿದಂತೆಯೇ ಇತ್ತು.

ಮೂರು ತಿಂಗಳು ಕಳೆದವು. ಒಂದು ಬೆಳಗ್ಗೆ ತಂಗಿ ಬಚ್ಚಲಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸುವುದು ಕೇಳಿಸಿತು. ಏನಾಯಿತು ಅಂತ ಅಕ್ಕ ಅಡುಗೆಮನೆಯಿಂದಲೇ ಕೇಳಿದಳು.

"ಏನಿಲ್ಲ ಕಣಕ್ಕ. ಬಾಯಲ್ಲಿ ಬೀಗದ ಕೈ ಇಟ್ಕೊಂಡ ಹಾಗಿದೆ."

ಸೂಜಿಯಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅಮ್ಮ ಆ ಮಾತು ಆಡಿದ್ದು ಅವಳೊಬ್ಬಳ ಎದುರು, ಲ್ಯಾಬಿನ ಬಾಗಿಲಲ್ಲಿ. ತಂಗಿಗೆ ಅದು ಗೊತ್ತಾಗಲು ದಾರಿಯೇ ಇರಲಿಲ್ಲ. ಆದರೂ ಅದೇ ಮಾತು, ಬಚ್ಚಲಿನ ಕತ್ತಲಿಂದ, ಅಮ್ಮನಂಥದೇ ದನಿಯಲ್ಲಿ ಬಂದಿತ್ತು. ಓಡಿ ಮಿಷನ್ನು ತಂದು ತಂಗಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ಚುಚ್ಚಿದಳು. ಒಂದು. ಸರಿಯಾಗಿ ಒಂದು. ತನ್ನ ನಾಲಿಗೆಯನ್ನು ಅಂಗುಳಿಗೆ ಒತ್ತಿ ನೋಡಿಕೊಂಡಳು. ಅಲ್ಲಿಯೂ ಕಬ್ಬಿಣದ ರುಚಿ ಬಹಳ ದಿನದಿಂದ ಇತ್ತು. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆಯುವ ಚಾಳಿಯಿಂದ ಇರಬೇಕು ಅಂದುಕೊಂಡಿದ್ದಳು.

ಆ ವಾರವೇ ಮಿಷನ್ ರಿಪೇರಿಯವನು ಬಂದ. ಹಳೆಯವನ್ನೆಲ್ಲ ಬದಲಿಸುತ್ತಿದ್ದೇವೆ ಅಂತ ಹೊಸ ಮಿಷನ್ನನ್ನೂ ಒಂದು ಪೆಟ್ಟಿಗೆ ಸೀಸೆಗಳನ್ನೂ ಮೇಜಿನ ಮೇಲಿಟ್ಟ. ಹಳೆಯದರ ನೆನಪಿನಲ್ಲಿದ್ದ ಅಂಕಿಗಳನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾ ಕೂತವನು ನಡುವೆ ತಲೆಯೆತ್ತಿದ.

"ಈ ಸೊನ್ನೆ ನಂಬರ್ ಮನೇಲಿ ಯಾರಿದಾರೆ ಅಮ್ಮ?"

ಯಾರೂ ಇಲ್ಲ, ಅದು ನಾನೇ, ಮಿಷನ್ನು ನೋಡಿಕೊಳ್ಳಲು ಮಾಡುವ ಪರೀಕ್ಷೆ ಅಂದಳು. ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಉಳಿದ ನಲವತ್ತೊಂದು ಮನೆಯ ಗೆರೆಗಳು ಏರಿಳಿಯುತ್ತಾ ಹೋಗಿದ್ದವು. ತಳದಲ್ಲೊಂದು ಗೆರೆ ಮಾತ್ರ ಈ ತುದಿಯಿಂದ ಆ ತುದಿಗೆ ಹಗ್ಗ ಎಳೆದು ಕಟ್ಟಿದ ಹಾಗಿತ್ತು.

"ಜೀವ ಇರೋರ ರಕ್ತ ಇಷ್ಟು ನೆಟ್ಟಗಿರಲ್ಲ," ಅಂದ. "ನೀರು ಕುಡಿದ್ರೆ ಇಳಿಯುತ್ತೆ, ದಣಿದ್ರೆ ಏರುತ್ತೆ. ಇದು ಗೋಡೆಗೆ ಚುಚ್ಚಿ ನೋಡಿದ ಹಾಗಿದೆ."

ಅವನಿಗೆ ಇನ್ನೂ ನಾಲ್ಕು ಕಡೆ ಹೋಗುವುದಿತ್ತು. ಹಳೆಯದನ್ನು ನಾಡಿದ್ದು ಒಯ್ಯುತ್ತೇನೆ ಅಂತ ಎದ್ದ. ಹೋಗುವಾಗ, ಹೊಸದು ಸೀಸೆ ನೋಡದೆ ಬೇರೆ ಯಾರ ರಕ್ತವನ್ನೂ ಮುಟ್ಟುವುದಿಲ್ಲ ಅಂತ ನಕ್ಕ.

ಮಾರನೇ ದಿನ ರಜೆ. ತಂಗಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಸೂಜಿಯಕ್ಕ ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಹೊಸ ಸೀಸೆಯ ಮುಚ್ಚಳ ತೆಗೆದಳು. ಸೀಸೆಯ ಮೇಲೆ ಎರಡು ಅಂತ ಅಚ್ಚಾಗಿತ್ತು. ಮೂವತ್ತು ಸೆಕೆಂಡಿಗೆ ಮಿಷನ್ನೂ ಎರಡು ಅಂದಿತು. ಆಮೇಲೆ ತನ್ನ ಬೆರಳು ಚುಚ್ಚಿಕೊಂಡಳು. ಒಂದೂ ಆರು.

ಬೆರಳು ಒರೆಸಿ ಬೇರೆ ಬೆರಳಿಗೆ ಚುಚ್ಚಿದಳು. ಒಂದೂ ಆರು. ಮತ್ತೆ ಸೀಸೆ ಹಾಕಿದಳು. ಎರಡು. ನೆಲ ನೆಟ್ಟಗಿತ್ತು.

ಅಷ್ಟರಲ್ಲಿ ತನ್ನ ಬಲಗೈ ತನ್ನನ್ನು ಕೇಳದೆ ಹೊಸ ಮಿಷನ್ನಿನ ಒಳಪುಟ ತೆರೆದು, ಕಳೆಯುವ ಗುಂಡಿಯ ಮೇಲೆ ಬೆರಳಿಟ್ಟಿರುವುದನ್ನು ಅವಳು ನೋಡಿದಳು. ಬೇರೆ ಯಾರದೋ ಕೈ ನೋಡಿದಂತೆ ನೋಡಿದಳು. ಎಡಗೈಯಿಂದ ಅದನ್ನು ಹಿಡಿದು ಎತ್ತಿ ತೊಡೆಯ ಮೇಲಿಟ್ಟುಕೊಳ್ಳಬೇಕಾಯಿತು. ಸೊನ್ನೆ ಮನೆಯಲ್ಲಿ ಯಾರೂ ಇಲ್ಲ ಅಂತ ನಿನ್ನೆ ಅಂದಿದ್ದು ನಿಜವೇ ಆಗಿತ್ತು. ಪಾಯಿಂಟ್ ಎಂಟರ ಆ ಗಟ್ಟಿ ಹೆಂಗಸು ಹದಿನಾರು ತಿಂಗಳ ಹಿಂದೆಯೇ ಹೊರಟುಹೋಗಿದ್ದಳು. ಅವಳ ಹೆಸರಿನಲ್ಲಿ ದಿನಾ ಬೆರಳು ಚಾಚುತ್ತಿದ್ದವಳು ಕಾಯಿಲೆಯವಳು. ಆ ಕಾಯಿಲೆಯನ್ನೇ ಅಳತೆಗೋಲು ಮಾಡಿಕೊಂಡು ಇಡೀ ಓಣಿಯನ್ನು ಅಳೆದದ್ದಾಗಿತ್ತು.

ತಂಗಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಎಂದಿನಂತೆ ಎದುರಿಗೆ ಕೂತು ಬೆರಳು ಚಾಚಿದಳು. ಅಕ್ಕ ಮಾತಾಡಿಸದೆ ಚುಚ್ಚಿದ್ದು ಅದೇ ಮೊದಲು. ಮೂವತ್ತು ಸೆಕೆಂಡು. ಒಂದೂ ಎಂಟು. ತಂಗಿ ತಾನೇ ಬಗ್ಗಿ ಅಂಕಿ ಓದಿದಳು, ಹೊಸ ಮಿಷನ್ನು ಕೆಟ್ಟಿದೆ, ಹಳೆಯದರಲ್ಲಿ ನೋಡು ಅಂದಳು. ಅಕ್ಕ ಹಳೆಯದರಲ್ಲಿ ನೋಡಿದಳು. ಒಂದು. ನೋಡಿದೆಯಾ ಅಂತ ತಂಗಿ ನಕ್ಕಳು.

ಸೂಜಿಯಕ್ಕ ಹಳೆಯ ಮಿಷನ್ನಿನ ಒಳಪುಟ ತೆರೆದಳು. ಅದರಲ್ಲಿ ತಿದ್ದುಪಡಿ ಬದಲಿಸಿದರೆ ಕೊನೆಯ ಅಂಕಿಯೂ ಕೂಡಲೇ ಬದಲಾಗುತ್ತದೆ. ಕೂಡುವ ಗುಂಡಿಯನ್ನು ಒಂದು ಸಲ ಒತ್ತಿದಳು. ಒಂದು ಇದ್ದದ್ದು ಒಂದೂ ಒಂದಾಯಿತು.

"ಇದು ಗಂಜಿಯಮ್ಮಂಗೆ ಚುಚ್ಚಿದ ದಿನ ಬೆಳಗ್ಗೆ ನಾನು ಕಳೆದಿದ್ದು," ಅಂದಳು.

ಮತ್ತೊಮ್ಮೆ ಒತ್ತಿದಳು. ಇದು ಅಜ್ಜ ಚಪ್ಪಲಿ ತೋರಿಸುವ ಮುಂಚಿನ ವಾರದ್ದು. ಮತ್ತೊಮ್ಮೆ. ಇದು ಪ್ರಶಸ್ತಿಪತ್ರ ಬಂದ ತಿಂಗಳದ್ದು. ಆಮೇಲೆ ಯಾವುದು ಯಾವಾಗಿನದು ಅಂತ ಹೇಳದೆ ಒತ್ತುತ್ತಾ ಹೋದಳು. ದಿನಗಳು ಹಿಂದಕ್ಕೆ ಹೋದಷ್ಟೂ ಅಂಕಿ ಮೇಲಕ್ಕೆ ಬರುತ್ತಿತ್ತು, ಬಾವಿಯಿಂದ ಏನೋ ಮೇಲೇಳುತ್ತಿರುವ ಹಾಗೆ. ಎಂಟನೇ ಸಲ ಒತ್ತಿದಾಗ ನಿಂತಿತು. ಮೇಜಿನ ಮೇಲೆ ಎರಡು ಮಿಷನ್ನುಗಳು ಅಕ್ಕಪಕ್ಕದಲ್ಲಿ ಒಂದೇ ಅಂಕಿ ತೋರಿಸುತ್ತಾ ಕೂತಿದ್ದವು.

ತಂಗಿ ಎರಡರ ಅಂಕಿಯನ್ನೂ ಮತ್ತೊಮ್ಮೆ ಓದಿದಳು. ಆಮೇಲೆ ಕೇಳಿದಳು, "ಅಮ್ಮಂಗೆ ಎಷ್ಟಿತ್ತು?"

"ಒಂಬತ್ತು."

"ನಿಂಗೆ?"

ಅಷ್ಟು ಹೊತ್ತೂ ಸೂಜಿಯಕ್ಕ ತಂಗಿಯ ಚಿಂತೆಯಲ್ಲಿ ತನ್ನದನ್ನು ಮರೆತೇಬಿಟ್ಟಿದ್ದಳು. "ಒಂದೂ ಆರು," ಅಂದಳು.

"ನಿಂದೂ ನಂದೂ ಒಂದೇ ಅಂತ ಅಷ್ಟು ದಿನದಿಂದ ಹೇಳ್ತಿದ್ದೆ," ಅಂದಳು ತಂಗಿ. "ಅದೊಂದು ಸುಳ್ಳಲ್ಲ ಬಿಡು." ನಗಲು ಹೋದಳು, ಅರ್ಧಕ್ಕೆ ಅದು ಅಳುವಾಯಿತು. ಅಕ್ಕ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ತಾನೂ ಅತ್ತಳು. ಅಮ್ಮ ಹೋದಾಗ ಕೂಡ ಅವಳು ಹಾಗೆ ಅತ್ತಿರಲಿಲ್ಲ.

ಮರುದಿನ ಆರೋಗ್ಯ ಕೇಂದ್ರದ ಡಾಕ್ಟರು ಸೂಜಿಯಕ್ಕನನ್ನು ಮುಖ ಮೂತಿ ನೋಡದೆ ಬೈದರು. ಬೈದು ಮುಗಿಸಿ, ಇಬ್ಬರದೂ ಕೈ ಮೀರಿಲ್ಲ, ಹದಿನಾರು ತಿಂಗಳ ಹಿಂದೆ ಬಂದಿದ್ದರೆ ಇನ್ನೂ ಸುಲಭವಿತ್ತು ಅಂದರು. ತಂಗಿ ಇಸ್ತ್ರಿ ಮೇಜು ಬಿಟ್ಟು ಹೊರಗಿನ ಮಡಿಸುವ ಕೆಲಸಕ್ಕೆ ಹೋಗಬೇಕು, ಇಬ್ಬರೂ ಮಾತ್ರೆ ನುಂಗಬೇಕು, ನೀರು ಕುಡಿಯಬೇಕು. ನಡೆದದ್ದನ್ನೆಲ್ಲ ಮೇಲಿನ ಕಚೇರಿಗೆ ಬರೆಯಬೇಕು ಅಂದಾಗ, ಬರೆದುಕೊಂಡೇ ಬಂದಿದ್ದೇನೆ ಅಂತ ಸೂಜಿಯಕ್ಕ ಕಾಗದ ಕೊಟ್ಟಳು. ಕೆಲಸ ಹೋದರೆ ಹೋಗಲಿ, ಓಣಿ ಮುಗಿಯುವ ತನಕ ಮಿಷನ್ನು ನನ್ನ ಹತ್ತಿರವಿರಲಿ ಅಂತಲೂ ಕೇಳಿಕೊಂಡಳು.

ಅವತ್ತಿನಿಂದ ಮನೆಮನೆ ಹತ್ತಿದಳು. ಪ್ರತಿ ಹೊಸ್ತಿಲಲ್ಲೂ ಮೊದಲು ತನ್ನ ತಪ್ಪು ಹೇಳಿ, ಆಮೇಲೆ ಸೂಜಿ ತೆಗೆಯುತ್ತಿದ್ದಳು. ಬೈಯುತ್ತಾರೆ ಅಂತ ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ಜನ ಬೈಯಲಿಲ್ಲ, ಅದಕ್ಕಿಂತ ಕಷ್ಟದ ಮಾತು ಆಡಿದರು. ಹಳೇ ಮಿಷನ್ನನ್ನೇ ತನ್ನಿ ಅಕ್ಕ, ಅದರಲ್ಲಿ ನಾವು ಚೆನ್ನಾಗಿದ್ದೆವು ಅಂದರು. ಕೆಲವರು ಬೆರಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಆಗ ಜೊತೆಗೆ ಬಂದಿದ್ದ ತಂಗಿ ಮುಂದೆ ಬಂದು ಚಪ್ಪಲಿ ಬಿಟ್ಟು, ತನ್ನ ಕಾಲನ್ನು ತಾನೇ ಒತ್ತಿ, ಏಳದ ಗುಂಡಿಯನ್ನು ತೋರಿಸುತ್ತಿದ್ದಳು. ನೋಡಿದವರು ಒಬ್ಬೊಬ್ಬರಾಗಿ ತಮ್ಮ ಕಾಲು ಒತ್ತಿಕೊಂಡು ನೋಡುತ್ತಿದ್ದರು. ಆಮೇಲೆ ಯಾರೂ ಹಳೆಯದನ್ನು ಕೇಳಲಿಲ್ಲ. ಹತ್ತೊಂಬತ್ತು ಜನರದು ಒಂದೂ ಎರಡು ದಾಟಿತ್ತು.

ಕೊನೆಗೆ ಉಳಿದದ್ದು ಗಂಜಿಯಮ್ಮನ ಮನೆ. ಅಲ್ಲಿಗೆ ಹೋಗಿ ಏನು ಹೇಳುತ್ತೀಯ, ಸತ್ತವರು ಎದ್ದು ಬರುತ್ತಾರಾ ಅಂತ ತಂಗಿ ತಡೆದಳು. ಸೂಜಿಯಕ್ಕ ಕದ ತಟ್ಟಿದಳು. ತೆರೆದವಳು ಸೊಸೆ. ಅತ್ತೆ ಹೋದಮೇಲೆ ಅದೇ ತೊಟ್ಟಿಯ ಹತ್ತಿರ ಈಗ ಅವಳೇ ಕೂರುತ್ತಾಳೆ. ಮೊಣಕೈ ತನಕ ಗಂಜಿ ಒಣಗಿ ಬಿಳಿ ಪೊರೆ ಕಟ್ಟಿತ್ತು.

"ನಿಮ್ಮತ್ತೆಗೆ ಒಂದೂ ಒಂದು ಅಂದಿದ್ದೆ. ಒಂದೂ ಒಂಬತ್ತಿತ್ತು," ಅಂದಳು ಸೂಜಿಯಕ್ಕ. "ಹೃದಯಕ್ಕೂ ಅದಕ್ಕೂ ಸಂಬಂಧ ಇತ್ತೋ ಇಲ್ವೋ ಇನ್ನು ಯಾರಿಗೂ ಗೊತ್ತಾಗಲ್ಲ. ನಾನು ಸರಿಯಾಗಿ ಹೇಳಿದ್ರೆ ಅವತ್ತೇ ಡಾಕ್ಟರ ಹತ್ರ ಹೋಗ್ತಿದ್ರು. ಅದಷ್ಟು ಗೊತ್ತು."

ಸೊಸೆ ಕದಕ್ಕೆ ಕೈ ಹಾಕಿದಳು. ಬಾಗಿಲು ಮುಚ್ಚುತ್ತಾಳೆ ಅಂತ ಅಕ್ಕತಂಗಿ ಇಬ್ಬರಿಗೂ ಅನಿಸಿತು. ಅವಳು ಒಳಗೆ ಹೋಗಿ ಕೈ ತೊಳೆದುಕೊಂಡು ಬಂದಳು, ಹೊಸ್ತಿಲ ಮೇಲೆ ಕೂತಳು, ಬೆರಳನ್ನು ಮಾತ್ರ ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಳು.

"ಮೊದ್ಲು ಎಲ್ರೂ ಹೇಳೋ ಆ ಬಾಟ್ಲಿ ಹಾಕಿ," ಅಂದಳು. "ನಾನು ನೋಡ್ಬೇಕು."

ಸೂಜಿಯಕ್ಕ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತು ಮಿಷನ್ನು ತೆಗೆದಳು. ತಂಗಿ ಸೀಸೆಯ ಮುಚ್ಚಳ ತೆಗೆದುಕೊಟ್ಟಳು. ಮೂವತ್ತು ಸೆಕೆಂಡು ಮೂವರೂ ಕಾದರು. ಎರಡು ಬಂತು. ಸೊಸೆ ಸೀಸೆಯನ್ನು ತನ್ನ ಕೈಗೆ ತೆಗೆದುಕೊಂಡು ಅದರ ಮೇಲಿನ ಅಂಕಿ ಓದಿದಳು, ಮಿಷನ್ನಿನ ಅಂಕಿ ಓದಿದಳು, ಮತ್ತೊಮ್ಮೆ ಸೀಸೆ ನೋಡಿದಳು. ಆಮೇಲೆ ಸೆರಗು ಬಿಚ್ಚಿ ಬೆರಳು ಕೊಟ್ಟಳು.